ಎಡಗಡೆ ಕಂಡಕ್ಟರ್ ಜವಾಬ್ದಾರಿ

ಮಾರ್ಚ್ 3, ಸೋಮವಾರ

ಇವತ್ತು ಬೆಳಿಗ್ಗೆ ಸರಿಯಾಗಿ ಆರು ಹತ್ತಕ್ಕೆ ಹೊರಟೆವು. ಆರು ಹತ್ತೇ ಏಕೆಂದರೆ ನನ್ನ ಬಸ್ಸಿನ ಮೊದಲ ಟ್ರಿಪ್ಪು ಯಾವತ್ತೂ ಆರು ಹತ್ತಕ್ಕೇ. ನಾಲ್ಕು ತಿಂಗಳಿಂದ ಆ ಹೊತ್ತಿಗೆ ಎದ್ದು ಕೂತು ಗೋಡೆ ನೋಡುತ್ತಿದ್ದವನು ಇವತ್ತು ಸ್ಟೀರಿಂಗ್ ಹಿಡಿದೆ. ಖುಷಿಗೆ ಬಾಯಿ ಮುಚ್ಚಲಾಗದೆ ಒಂದು ನೊಣವನ್ನೂ ನುಂಗಿದೆ.

ಬಸ್ಸಲ್ಲ, ದೋಣಿ. ನನ್ನ ಹೆಂಡತಿಯ ತಮ್ಮನದು. ನಮ್ಮ ಡಿಪೋದಲ್ಲೇ ಮೆಕ್ಯಾನಿಕ್ ಅವನು. ಬಿಳಿ ಬಣ್ಣದ ಪುಟ್ಟ ದೋಣಿ. ಒಳಗೆ ಇಬ್ಬರು ಕಾಲು ಮಡಚಿ ಮಲಗುವಷ್ಟು ಕೋಣೆ, ಒಂದು ಸ್ಟವ್, ಹಿಂದೆ ಎಂಜಿನ್. ಎರಡೂ ಪಕ್ಕಕ್ಕೆ ಡಿಪೋದ ಹಳೆಯ ಟೈರುಗಳನ್ನು ನೇತುಹಾಕಿದ್ದಾನೆ. ನಾನು ಅದಕ್ಕೆ ಮಿನಿ ಎಂದು ಹೆಸರಿಟ್ಟೆ, ಮಿನಿ ಬಸ್ಸಿನ ಮಿನಿ. ಹತ್ತು ದಿನ ಕೊಲ್ಲಿಯನ್ನು ಒಂದು ಸುತ್ತು ಹಾಕುವುದು, ಹಗಲೆಲ್ಲ ಓಡಿಸುವುದು, ಸಂಜೆಗೆ ಸಿಕ್ಕ ಊರಿನ ದಕ್ಕೆಗೆ, ಅಂದರೆ ದೋಣಿಗಳ ಸ್ಟಾಪಿಗೆ, ದೋಣಿ ಕಟ್ಟಿ ಅಲ್ಲೇ ಮಲಗುವುದು. ಭಾವಮೈದುನ ಎರಡು ಭಾನುವಾರ ಕೂರಿಸಿಕೊಂಡು ಕಲಿಸಿದ. ಮೂವತ್ತೊಂದು ವರ್ಷ ಬಸ್ಸು ಓಡಿಸಿದವನಿಗೆ ಎರಡು ಭಾನುವಾರ ಹೆಚ್ಚೇ ಆಯಿತು.

ಷರತ್ತನ್ನು ಬರೆದಿಡುತ್ತೇನೆ. ಆಮೇಲೆ ಇವಳು ಹಾಗಲ್ಲ ಹೀಗೆ ಎನ್ನಬಾರದು. ಐದು ತಿಂಗಳ ಹಿಂದೆ ನನಗೆ ತಲೆ ಸುತ್ತಿ ಎರಡು ದಿನ ಆಸ್ಪತ್ರೆಯಾಯಿತು. ಆಮೇಲೆ ಆರಾಮಾಗಿ ಒಂದು ತಿಂಗಳು ಡ್ಯೂಟಿ ಮಾಡಿದೆ. ಆ ತಿಂಗಳಲ್ಲಿ ಬಸ್ಸಿನ ಎಡಗಡೆ ಕನ್ನಡಿ ಎರಡು ಸಲ ಒಡೆಯಿತು, ಒಂದು ಅಂಗಡಿಯ ಚಪ್ಪರ ಹರಿಯಿತು. ತಪ್ಪು ನನ್ನದಲ್ಲ. ಡ್ರೈವರ್ ಕೂರುವುದು ಬಲಗಡೆ, ಬಾಗಿಲು ಇರುವುದು ಎಡಗಡೆ. ಎಡಗಡೆ ಕಂಡಕ್ಟರ್ ಜವಾಬ್ದಾರಿ. ಹೊಸ ಕಂಡಕ್ಟರ್ ಫೋನು ನೋಡಿಕೊಂಡು ನಿಂತರೆ ನಾನೇನು ಮಾಡಲಿ? ಆದರೆ ಇಲಾಖೆಯ ಡಾಕ್ಟರು ಕಣ್ಣಿನ ಪರೀಕ್ಷೆ ಆಗದೆ ಇವರಿಗೆ ಬಸ್ಸು ಕೊಡಬೇಡಿ ಎಂದು ಬರೆದುಬಿಟ್ಟರು. ಒಂದು ಡಬ್ಬಿಯೊಳಗೆ ತಲೆ ಇಡಿಸಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಿ ಎಂದರು. ಕಂಡ ಪ್ರತಿಯೊಂದು ಚುಕ್ಕಿಗೂ ಒತ್ತಿದೆ, ಒಂದನ್ನೂ ಬಿಡಲಿಲ್ಲ. ಆದರೂ ಆ ಹುಡುಗಿ ಮುಖ ಸಣ್ಣದು ಮಾಡಿಕೊಂಡು, ಸುಸ್ತಾಗಿದ್ದೀರೇನೋ, ಇನ್ನೊಮ್ಮೆ ಮಾಡೋಣ ಎಂದಳು. ಮಷೀನು ಹಳೆಯದು. ಮರುಪರೀಕ್ಷೆ ಇದೇ ಹದಿನೇಳಕ್ಕೆ.

ಅಷ್ಟರೊಳಗೆ ನಾನು ಗಟ್ಟಿಯಿದ್ದೇನೆಂದು ತೋರಿಸಬೇಕು. ದೋಣಿಯ ಮೈಗೆ ಐದಕ್ಕಿಂತ ಹೆಚ್ಚು ಗೀಚು ಬೀಳದ ಹಾಗೆ ವಾಪಸ್ಸು ತಂದರೆ ಇವಳು ಬಾಯಿಗೆ ಬೀಗ ಹಾಕಿಕೊಂಡು ನನ್ನನ್ನು ಬಸ್ಸಿಗೆ ಕಳಿಸಬೇಕು. ಐದು ದಾಟಿದರೆ, ಪರೀಕ್ಷೆ ಏನೇ ಹೇಳಲಿ, ಡಿಪೋದ ಒಳಗಿನ ಕೆಲಸ ಕೊಡಿ ಎಂದು ನಾನೇ ನನ್ನ ಕೈಯಾರೆ ಅರ್ಜಿ ಬರೆಯಬೇಕು. ದೋಣಿಯ ಉಪಾಯ ಇವಳದೇ. ನೀರು ಕಂಡರೆ ಹೆದರುವವಳು ಹೇಗೆ ಒಪ್ಪಿದಳೋ.

ಇವತ್ತಿನ ಗೀಚು: ಒಂದು. ದಕ್ಕೆ ಹತ್ತಿರ ಬಂದಾಗ ಬಲಗಾಲು ತಾನಾಗಿ ಬ್ರೇಕ್ ಹುಡುಕಿತು. ನೆಲವನ್ನೇ ಮೂರು ಸಲ ತುಳಿದೆ. ಬ್ರೇಕಿಲ್ಲದ ಗಾಡಿ ಕಂಡುಹಿಡಿದ ಪುಣ್ಯಾತ್ಮನಿಗೆ ಕೈ ಮುಗಿಯಬೇಕು.

ಮಾರ್ಚ್ 4, ಮಂಗಳವಾರ

ನಕ್ಕು ನಕ್ಕು ಪಕ್ಕೆ ಇನ್ನೂ ನೋಯುತ್ತಿದೆ.

ಮೊದಲು ಬೆಲ್ಲಿನ ವಿಷಯ. ಇವಳು ನನಗೆ ಕಂಡಕ್ಟರ್ ಆಗಿ ಬಂದವಳು, ಹೆಂಡತಿಯಾದದ್ದು ಆಮೇಲೆ. ಹತ್ತೊಂಬತ್ತು ವರ್ಷ ಒಂದೇ ಗಾಡಿ, ಒಂದೇ ರೂಟು. ಮೊಣಕಾಲು ನೋವೆಂದು ಎರಡು ವರ್ಷದ ಹಿಂದೆ ಪಾಸ್ ಕೌಂಟರಿಗೆ ಹೋದಳು. ಮಿನಿಯ ಚಾವಣಿಯಲ್ಲಿ ಒಂದು ಹಿತ್ತಾಳೆ ಗಂಟೆ ಇದೆ. ಅದಕ್ಕೆ ಉದ್ದನೆಯ ದಾರ ಕಟ್ಟಿ ತನ್ನ ಕೈಗೆ ಎಟಕುವ ಹಾಗೆ ಮಾಡಿಕೊಂಡಿದ್ದಾಳೆ. ಒಂದು ಬೆಲ್ ಎಂದರೆ ನಿಲ್ಲಿಸು, ಎರಡು ಬೆಲ್ ಎಂದರೆ ಹೊರಡು. ಬಾಯಲ್ಲಿ ಹೇಳುವುದಾದರೆ ಹೋಲ್ಡಾನ್, ರೈಟ್. ಎರಡು ಬೆಲ್ ಬಿದ್ದರೆ ನನ್ನ ಕಾಲು ನನ್ನನ್ನು ಕೇಳದೆ ಆಕ್ಸಿಲರೇಟರ್ ಒತ್ತುತ್ತಿತ್ತು. ಇಲ್ಲಿ ಕೈ ಅದೇ ಕೆಲಸ ಮಾಡುತ್ತದೆ.

ಸಂಜೆ ಎರಡನೇ ಊರಿನ ದಕ್ಕೆಗೆ ಬಂದೆವು. ಅಲ್ಲಿನ ಕಾವಲುಗಾರ ಮೆಟ್ಟಿಲ ಮೇಲೆ ಕೂತು ಬಿಸ್ಕತ್ತು ಅದ್ದಿಕೊಂಡು ಟೀ ಕುಡಿಯುತ್ತಿದ್ದ. ನಾನು ಚೆನ್ನಾಗಿಯೇ ನಿಧಾನ ಮಾಡಿಕೊಂಡು ಬಂದೆ. ಜಾಗ ಬಲಗಡೆ ಖಾಲಿ ಇದೆ ಎಂದು ಹೇಳಲು ಅವನು ಲೋಟ ಎತ್ತಿ "ರೈಟ್! ರೈಟ್!" ಎಂದ. ಅಷ್ಟೇ. ನನ್ನ ಕೈ ಲಿವರನ್ನು ಪೂರ್ತಿ ಮುಂದಕ್ಕೆ ತಳ್ಳಿತು. ಇವಳಾದರೂ ತಡೆಯಬೇಕೋ ಬೇಡವೋ? ರೈಟ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಇವಳೂ ಅಭ್ಯಾಸಬಲದಿಂದ ಎರಡು ಬೆಲ್ ಹೊಡೆದಳು. ಮಿನಿ ನೇರ ಮೆಟ್ಟಿಲಿಗೇ ಹೋಯಿತು. ಕಾವಲುಗಾರ ಎರಡು ಮೆಟ್ಟಿಲು ಒಟ್ಟಿಗೆ ಹಾರಿದ. ಟೀ, ಬಿಸ್ಕತ್ತು, ಒಂದು ಚಪ್ಪಲಿ ನೀರಿಗೆ ಬಿದ್ದವು.

ಬಲಕ್ಕೆ ತಗೊಳ್ಳಿ ಅಂದರೆ ಯಾಕ್ರೀ ನೇರ ಬಂದಿರಿ ಎಂದು ಅವನು ಕೇಳಿದ. ರೈಟ್ ಎಂದರೆ ಹೊರಡು ಎಂದರ್ಥ ಎಂದು ನಾನು ವಿವರಿಸಿದೆ. ಅವನು ನಮ್ಮಿಬ್ಬರನ್ನೂ ಹುಚ್ಚರನ್ನು ನೋಡುವ ಹಾಗೆ ನೋಡಿದ. ಇವಳು ಚಪ್ಪಲಿಯನ್ನು ಬಕೆಟ್ಟಿನಲ್ಲಿ ಮೊಗೆದು ಎತ್ತಿ, ಒರೆಸಿ, ಇನ್ನೊಂದು ಲೋಟ ಟೀ ಮಾಡಿ ಕೊಟ್ಟಳು. ಆಮೇಲೆ ಒಳಗೆ ಬಂದು ದಿಂಬಿಗೆ ಮುಖ ಒತ್ತಿಕೊಂಡು ನಗುತ್ತಾ ಕೂತಳು. ಇವಳು ಹೀಗೆ ನಕ್ಕು ಎಷ್ಟು ಕಾಲವಾಗಿತ್ತು.

ಮೂತಿಗೆ ಬಿದ್ದದ್ದು ಗೀಚಲ್ಲ, ಜಜ್ಜು. ಷರತ್ತಿನಲ್ಲಿ ಜಜ್ಜಿನ ಮಾತಿಲ್ಲ. ಎಡ ಪಕ್ಕಕ್ಕೆ ಒಂದು ಬಿದ್ದಿದೆ, ಅದನ್ನು ಒಪ್ಪುತ್ತೇನೆ. ಒಟ್ಟು ಎರಡು. ಇವಳು ಮೂರು ಎನ್ನುತ್ತಾಳೆ.

ಮಾರ್ಚ್ 6, ಗುರುವಾರ

ಇಂಥ ದಿನ ಬಸ್ಸಿನಲ್ಲೂ ಸಿಕ್ಕಿರಲಿಲ್ಲ. ಸಿಗ್ನಲ್ಲಿಲ್ಲ, ಉಬ್ಬಿಲ್ಲ, ಹಿಂದಿನಿಂದ ಹಾರನ್ ಹೊಡೆಯುವವನಿಲ್ಲ, ಚಿಲ್ಲರೆಗೆ ಜಗಳವಾಡುವವನಿಲ್ಲ. ಕೊಲ್ಲಿಯೆಲ್ಲ ನನ್ನದೇ ರಸ್ತೆ. ದೊಡ್ಡ ದನಿಯಲ್ಲಿ ಹಾಡಿದೆ. ಇವಳು ಹಾಡು ನಿಲ್ಲಿಸಲು ಒಂದು ಬೆಲ್ ಹೊಡೆದಳು. ನಾನು ಎಂಜಿನ್ ನಿಲ್ಲಿಸಿದೆ. ಎಂಜಿನ್ ಅಲ್ಲ ರೀ, ಬಾಯಿ ಎಂದಳು.

ಒಂದು ಕಡಲಹಕ್ಕಿ ಬೆಳಿಗ್ಗೆಯಿಂದ ಚಾವಣಿಯ ಮೇಲೆ ಕೂತು ಬರುತ್ತಿದೆ. ಇವಳು ಅದಕ್ಕೆ ಪಾಸ್ ಹೋಲ್ಡರ್ ಎಂದು ಹೆಸರಿಟ್ಟು, ಮುಂದಿನ ಸ್ಟಾಪ್ ಬಂತು, ಇಳೀರಿ ಇಳೀರಿ ಎಂದು ಗದರಿಸಿದಳು. ಅದು ಕುಳಿತಲ್ಲೇ ಗಲೀಜು ಮಾಡಿತು. ಎಲ್ಲ ಪಾಸ್ ಹೋಲ್ಡರುಗಳೂ ಹೀಗೇ ಎಂದಳು, ಕೌಂಟರಿನ ಅನುಭವ.

ಸಂಜೆ ಇವಳು, ಬಲಗಡೆ ಪಕ್ಕಕ್ಕೆ ದಕ್ಕೆ ಬರೋ ಹಾಗೆ ಒಂದ್ಸಲ ಕಟ್ಟಿ ನೋಡಿ ಎಂದಳು. ಬಸ್ಸಿನ ಬಾಗಿಲು ಎಡಕ್ಕಿರುತ್ತದೆ, ಸ್ಟಾಪೂ ಎಡಕ್ಕೇ ಬರಬೇಕು, ಮೂವತ್ತೊಂದು ವರ್ಷದ ಅಭ್ಯಾಸ ಎಂದೆ. ಒಂದ್ಸಲ ಎಂದಳು. ಸರಿ ಎಂದು ಬಲಕ್ಕೆ ತಂದೆ. ಏನು ಹೇಳಲಿ! ಬಸ್ಸಿನ ಬಾಲ ಹೇಗೆ ಹೊರಕ್ಕೆ ಬೀಸುತ್ತದೋ ದೋಣಿಯದೂ ಹಾಗೇ. ಅದರ ಅಂದಾಜು ನನಗೆ ರಕ್ತದಲ್ಲಿದೆ. ಓರೆಯಾಗಿ ಬಂದು, ತಿರುಗಿಸಿ, ಚೂರು ರಿವರ್ಸ್ ಕೊಟ್ಟೆ. ಟೈರು ದಕ್ಕೆಯನ್ನು ಮುಟ್ಟಿತೋ ಇಲ್ಲವೋ ಎನ್ನುವಂತೆ ನಿಂತಿತು. ನಡುವೆ ಮೊಟ್ಟೆ ಇಟ್ಟಿದ್ದರೂ ಒಡೆಯುತ್ತಿರಲಿಲ್ಲ. ದಕ್ಕೆಯ ಮೇಲಿದ್ದ ಇಬ್ಬರು ಚಪ್ಪಾಳೆ ತಟ್ಟಿದರು.

ನೋಡಿದೆಯಾ ಕಂಡಕ್ಟ್ರೇ, ಕೈ ಕುದುರಿತು ಎಂದೆ. ಇವಳು ಹೌದು ಎಂದು ಹೇಳಿ ನೀರಿನ ಕಡೆ ಮುಖ ತಿರುಗಿಸಿದಳು. ನನ್ನನ್ನು ಹೊಗಳುವುದೆಂದರೆ ಇವಳಿಗೆ ಮೊದಲಿಂದಲೂ ಹಿಂಸೆ.

ಮಾರ್ಚ್ 7, ಶುಕ್ರವಾರ

ಮತ್ತೆ ಎಡಕ್ಕೆ ಕಟ್ಟಿದೆ. ಢಮ್. ಆ ಕಂಬವನ್ನು ಅಲ್ಲಿ ನೆಟ್ಟವನಿಗೆ ಬುದ್ಧಿಯಿಲ್ಲ. ಇವಳ ಲೆಕ್ಕದಲ್ಲಿ ಏಳು. ನನ್ನ ಲೆಕ್ಕದಲ್ಲಿ ಮೂರು, ಉಳಿದವು ಕಂಬಗಳೇ ಬಂದು ಕೊಟ್ಟವು.

ಊಟಕ್ಕೆ ಹುರಿದ ಮೀನು, ಆಲೂಗಡ್ಡೆ. ಆಲೂಗಡ್ಡೆ ಮಾತ್ರ ಹಾಕಿದ್ದೀಯ, ಮೀನು ಎಲ್ಲಿ ಎಂದು ಕೇಳಿದೆ. ಇವಳು ನನ್ನ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು. ಮೀನು ಬಂತು! ಮ್ಯಾಜಿಕ್ ಯಾವಾಗ ಕಲಿತೆ ಎಂದೆ. ಇವಳು ನಗಲಿಲ್ಲ. ಮೊಣಕಾಲು ನೋಯುತ್ತಿರಬೇಕು.

ಈ ಡೈರಿ ಪುಸ್ತಕವೂ ಸರಿಯಿಲ್ಲ, ಹಾಳೆ ತೀರಾ ಕಿರಿದು. ನಾಲ್ಕು ಪದ ಬರೆಯುವುದರಲ್ಲಿ ಸಾಲು ಮುಗಿಯುತ್ತದೆ. ಹಿಂದಿನ ವರ್ಷದ್ದೂ ಇದೇ ಕಂಪನಿಯದು, ಹೀಗಿರಲಿಲ್ಲ.

ಮಾರ್ಚ್ 9, ಭಾನುವಾರ

ಇವತ್ತು ಬರೆಯುವುದನ್ನು ಯಾರೂ ಓದಬಾರದು. ಇವಳಂತೂ ಓದಲೇಬಾರದು.

ನಿನ್ನೆ ಇನ್ನೂ ನಾಲ್ಕು ಬಿದ್ದವು. ಒಂದು ಕಲ್ಲಿನದು, ಎರಡು ನೀರಿನಲ್ಲಿ ತೇಲುವ ಕೆಂಪು ಪೀಪಾಯಿಯದು, ಒಂದು ಯಾರದೋ ದೊಡ್ಡ ದೋಣಿಯದು, ಅದೂ ಕಟ್ಟಿ ನಿಲ್ಲಿಸಿದ್ದ ದೋಣಿ. ಇವಳು ಹನ್ನೊಂದು ಎಂದು ಹೇಳಿ ಬೆರಳು ಮಡಚುವುದನ್ನೂ ನಿಲ್ಲಿಸಿದಳು. ನನಗೆ ಒಳಗೊಳಗೇ ಅಳುಕು ಹುಟ್ಟಿತು. ಡಿಪೋದ ಒಳಗಿನ ಕೆಲಸ ಎಂದರೆ ಏನೆಂದು ನನಗೆ ಗೊತ್ತು. ಮೇಜಿನ ಮುಂದೆ ಕೂತು ಬೇರೆಯವರು ಗಾಡಿ ತೆಗೆದುಕೊಂಡು ಹೋದ ಹೊತ್ತು ಬರೆಯಬೇಕು. ಆರು ಹತ್ತಕ್ಕೆ ನನ್ನ ಗಾಡಿಯನ್ನು ಇನ್ನೊಬ್ಬ ಹೊರಡಿಸುವುದನ್ನು ಕಿಟಕಿಯಿಂದ ನೋಡಬೇಕು. ನನ್ನಿಂದಾಗದು. ನಿವೃತ್ತಿಗೆ ಇನ್ನು ಎರಡೇ ವರ್ಷ. ಅಲ್ಲಿಯವರೆಗೆ ಓಡಿಸಿ, ನಾನೇ ಎಂಜಿನ್ ಆರಿಸಿ, ನಾನೇ ಕೀಲಿ ಕೊಟ್ಟು ಇಳಿಯಬೇಕು. ಬೇರೇನೂ ಬೇಡ.

ಸ್ಟವ್ ಕೆಳಗಿನ ಪೆಟ್ಟಿಗೆಯಲ್ಲಿ ಭಾವಮೈದುನನ ಬಿಳಿ ಬಣ್ಣದ ಡಬ್ಬಿಯೊಂದು ಸಿಕ್ಕಿತು, ಬ್ರಷ್ ಸಮೇತ. ಇವಳು ಬ್ರೆಡ್ಡು, ಸೋಪು ತರಲು ಊರೊಳಗೆ ಹೋದಳು. ಮಿನಿಯ ಎಡ ಪಕ್ಕ ದಕ್ಕೆಯ ಕಡೆಗೇ ಇತ್ತು. ಟೈರುಗಳನ್ನು ಮೇಲಕ್ಕೆತ್ತಿ, ಹಲಗೆಯ ಮೇಲೆ ಕೂತು, ಒಂದೊಂದಕ್ಕೂ ಬಳಿದೆ. ಬಳಿಯುತ್ತಾ ನಗು ಬರುತ್ತಿತ್ತು. ಐವತ್ತೆಂಟು ವರ್ಷದ ಗಂಡಸು ಹೆಂಡತಿಗೆ ಹೆದರಿ ದೋಣಿಗೆ ಪೌಡರ್ ಹಚ್ಚುವುದೆಂದರೇನು! ಕಂಡ ಪ್ರತಿಯೊಂದು ಗೀಚಿಗೂ ಬಳಿದೆ, ಒಂದನ್ನೂ ಬಿಡಲಿಲ್ಲ. ಬ್ರಷ್ ತೊಳೆದು, ಡಬ್ಬಿ ಇದ್ದಲ್ಲೇ ಇಟ್ಟು, ಟೈರು ಇಳಿಸಿ, ಏನೂ ಗೊತ್ತಿಲ್ಲದವನಂತೆ ಪೇಪರ್ ಹಿಡಿದು ಕೂತೆ.

ಇವಳು ಬಂದಳು. ಚೀಲ ಕೆಳಗಿಟ್ಟು ದೋಣಿಯ ಪಕ್ಕವನ್ನು ತುಂಬಾ ಹೊತ್ತು ನೋಡಿದಳು. ನಾನು ಪೇಪರಿನ ಹಿಂದೆ ಉಸಿರು ಹಿಡಿದಿದ್ದೆ. ಬೈಯಲಿಲ್ಲ, ಕೇಳಲಿಲ್ಲ. ಒಳಗೆ ಹೋಗಿ ಬ್ರೆಡ್ಡು ಕತ್ತರಿಸಿದಳು. ಬಣ್ಣ ಅಷ್ಟು ಚೆನ್ನಾಗಿ ಕೂತಿದೆ ಎಂದಾಯಿತು. ಗೆದ್ದೆ!

ಮಾರ್ಚ್ 10, ಸೋಮವಾರ

ಸ್ವಲ್ಪವೇ ಬರೆಯುತ್ತೇನೆ.

ಹನ್ನೊಂದು ಗಂಟೆಯ ಹೊತ್ತು. ಬೆಳಕು ಚೆನ್ನಾಗಿತ್ತು, ನೀರು ಸಪಾಟಾಗಿತ್ತು. ಎಲ್ಲೋ ಒಂದು ನಾಯಿ ಬೊಗಳುತ್ತಲೇ ಇತ್ತು, ದಡದಲ್ಲಿ ಇರಬೇಕು ಎಂದುಕೊಂಡೆ. ಪೂರ್ತಿ ಸ್ಪೀಡಿನಲ್ಲಿದ್ದೆ. ಇವಳು ಒಂದು ಬೆಲ್ ಹೊಡೆದಳು. ಗಂಟೆಯೇ ಕಿತ್ತು ಬರುವ ಹಾಗೆ ಹೊಡೆದಳು. ಬೆಲ್ ಬಿದ್ದರೆ ನಿಲ್ಲಿಸುವುದು, ಏಕೆಂದು ಕೇಳುವುದಿಲ್ಲ. ಲಿವರ್ ಹಿಂದಕ್ಕೆ ಎಳೆದೆ. ಎಂಜಿನ್ ಕಿರುಚಿತು, ಮಿನಿ ತಡವರಿಸಿ ನಿಂತಿತು.

ನಮ್ಮ ಮೂತಿಯ ಕೆಳಗಿಂದ, ಎರಡು ಮಾರು ದೂರದಲ್ಲಿ, ಒಂದು ಹುಟ್ಟಿನ ದೋಣಿ ಎಡಗಡೆಯಿಂದ ಬಲಕ್ಕೆ ದಾಟಿತು. ಕೆಂಪು ಅಂಗಿ ಹಾಕಿಕೊಂಡ ಹೆಂಗಸು, ಬುಟ್ಟಿಗಳು, ಬೊಗಳುತ್ತಿದ್ದ ನಾಯಿ. ಆಕೆ ಹುಟ್ಟು ಬಿಟ್ಟು ಎರಡೂ ಕೈಯಿಂದ ನಾಯಿಯನ್ನು ಅವುಚಿಕೊಂಡಿದ್ದಳು.

ಇದು ಎಲ್ಲಿಂದ ಬಂತು ಎಂದು ಕೇಳಿದೆ.

"ಅರ್ಧ ಗಂಟೆಯಿಂದ ಅಲ್ಲೇ ಇತ್ತು ರೀ," ಎಂದಳು.

ಮಾರ್ಚ್ 11, ಮಂಗಳವಾರ

ಆರು ಹತ್ತಕ್ಕೆ ಹೊರಡಲಿಲ್ಲ. ಕೀಲಿ ಮುಟ್ಟುವುದಿಲ್ಲ ಎಂದೆ. ಇವಳು ಒತ್ತಾಯ ಮಾಡಲಿಲ್ಲ. ಟೀ ಕೊಟ್ಟು, ಬನ್ನಿ ಒಂದು ತೋರಿಸಬೇಕು ಎಂದು ದಕ್ಕೆಯ ಮೇಲೆ ಇಳಿಸಿದಳು. ಮಿನಿಯ ಎಡ ಪಕ್ಕವೇ ದಕ್ಕೆಯ ಕಡೆಗಿತ್ತು. ನನ್ನನ್ನು ಎಂಜಿನ್ ಹತ್ತಿರ ನಿಲ್ಲಿಸಿದಳು. ದೋಣಿ ನಿಮ್ಮ ಬಲಗಡೆ ಇರಲಿ, ಹೀಗೇ ಮೂತಿಯವರೆಗೆ ನಡೀರಿ ಎಂದಳು. ನಡೆದೆ.

ಮೊದಲು ನನ್ನ ಬಣ್ಣ ಬಂತು. ಹೊಸ ಬಿಳಿ ತೇಪೆಗಳು, ಒಂದು, ಎರಡು, ಮೂರು, ನಾಲ್ಕು. ಅರ್ಧ ದೋಣಿಗೆ ಬಣ್ಣ ನಿಂತಿತು. ಅಲ್ಲಿಂದ ಮುಂದೆ ಗೀಚುಗಳು ಶುರುವಾದವು. ಆರು ಇದ್ದವು. ಒಂದೊಂದು ನನ್ನ ಮೊಳಕೈಯಷ್ಟು ಉದ್ದ. ಯಾರೂ ಬಣ್ಣ ಮುಟ್ಟಿಸಿರಲಿಲ್ಲ. ಮೊನ್ನೆ ನಾನು ಇದರ ಎದುರಿಗೇ ಕೂತು ಒಂದನ್ನೂ ಬಿಡಲಿಲ್ಲ ಎಂದು ಡೈರಿಯಲ್ಲಿ ಬರೆದಿದ್ದೆ.

ಆಗ ಗುಂಡಿ ನೆನಪಾಯಿತು. ಡಬ್ಬಿಯೊಳಗಿನ ಚುಕ್ಕಿಗಳು. ಕಂಡ ಪ್ರತಿಯೊಂದಕ್ಕೂ ಒತ್ತಿದ್ದೆ. ಕನ್ನಡಿ ನೆನಪಾಯಿತು, ಚಪ್ಪರ, ಮೀನು, ಆ ನಾಯಿ. ನನ್ನ ಬಸ್ಸಿನ ಎಡಗಡೆ ದಿನಾ ಬೆಳಿಗ್ಗೆ ಸ್ಕೂಲಿನ ಮಕ್ಕಳು ಸಾಲಾಗಿ ನಿಂತಿರುತ್ತಾರೆ. ಒಂದು ತಿಂಗಳು ನಾನು ಅವರ ಪಕ್ಕದಲ್ಲೇ ಗಾಡಿ ತಂದು ನಿಲ್ಲಿಸಿದೆ. ಅಲ್ಲೇ ಹಲಗೆಯ ಮೇಲೆ ಕೂತುಬಿಟ್ಟೆ.

ಯಾವಾಗಿನಿಂದ ಗೊತ್ತು ಎಂದು ಕೇಳಿದೆ. ಇವಳು ನನ್ನ ಪಕ್ಕದಲ್ಲಿ, ಬಲಗಡೆಗೆ ಬಂದು ಕೂತಳು.

"ಆಸ್ಪತ್ರೆಯಿಂದ ಬಂದ ವಾರದಿಂದ. ತಟ್ಟೇಲಿ ಅರ್ಧ ಊಟ ಬಿಟ್ಟು ಇಷ್ಟೇನಾ ಅಂದ್ರಲ್ಲ, ಅವತ್ತಿಂದ."

"ಹೇಳಬಾರದಿತ್ತಾ?"

"ಹೇಳ್ದೆ. ಎಷ್ಟು ಸಲ ಹೇಳ್ದೆ. ಮಷೀನು ಹಳೇದು ಅಂದ್ರಿ, ಕಂಡಕ್ಟರ್ ಸರಿಯಿಲ್ಲ ಅಂದ್ರಿ, ನಾನೇ ಕಮ್ಮಿ ಬಡಿಸ್ತೀನಿ ಅಂದ್ರಿ. ನೀವೇ ನೋಡೋವರೆಗೂ ನೀವು ನಂಬೋರಲ್ಲ. ಕೊನೆಗೆ ಡಾಕ್ಟರ ಹತ್ರ ನಾನೇ ಹೋಗಿ, ಬಸ್ಸು ಕೊಡಬೇಡಿ ಅಂದೆ."

ಸಿಟ್ಟು ಬಂತು. ಬಂದ ಸಿಟ್ಟಿಗೆ ಹೋಗಲು ಜಾಗ ಸಿಗಲಿಲ್ಲ. ಹಾಗಾದರೆ ಈ ದೋಣಿ ಏಕೆ, ನೀರು ಕಂಡರೆ ಹೆದರುವವಳು ಏಕೆ ಹತ್ತಿದೆ ಎಂದೆ.

"ಬಸ್ಸಲ್ಲಿ ಐವತ್ತು ಜನ ಇರ್ತಾರೆ. ಇಲ್ಲಿ ನಾನೊಬ್ಬಳೇ," ಎಂದಳು. "ಆ ಹೆಂಗಸು ಅಡ್ಡ ಬರ್ತಾಳೆ ಅಂತ ನಾನು ಅಂದುಕೊಂಡಿರಲಿಲ್ಲ, ನೀವೇ ನೋಡಿ ತಿರುಗಿಸ್ತೀರಿ ಅಂತ ಕಾದೆ. ಅದು ನನ್ನ ತಪ್ಪು. ನಿನ್ನೆ ರಾತ್ರಿಯೆಲ್ಲ ಅವಳೇ ಕಣ್ಣ ಮುಂದೆ."

ಅತ್ತುಬಿಟ್ಟೆ. ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ, ಚೆನ್ನಾಗಿ ಅತ್ತೆ. ಮೂಗಿನಿಂದ ನೀರು ಬರುವಷ್ಟು. ಇವಳು ಸೆರಗು ಕೊಟ್ಟಳು. ಮೂಗು ಒರೆಸುವಾಗ ನನ್ನ ಅರ್ಧ ಬಣ್ಣದ ದೋಣಿ ಮತ್ತೆ ಕಾಣಿಸಿತು. ಒಂದು ಕೆನ್ನೆಗೆ ಮಾತ್ರ ಪೌಡರ್ ಹಚ್ಚಿಕೊಂಡು ಮದುವೆಗೆ ಹೊರಟವಳ ಹಾಗಿತ್ತು. ಕಳ್ಳತನ ಮಾಡಿದ್ದು, ಅದರಲ್ಲೂ ಅರ್ಧ! ನನಗೆ ನಗು ಬಂತು. ಇವಳು ಬ್ರೆಡ್ಡಿನ ಚೀಲ ಹಿಡಿದು ಬಂದಾಗ ನೋಡಿ ನಗುವುದೋ ಅಳುವುದೋ ತಿಳಿಯದೆ ಒಳಗೆ ಓಡಿದಳಂತೆ. ಇಬ್ಬರೂ ದಕ್ಕೆಯ ಮೇಲೆ ಬಿದ್ದು ಬಿದ್ದು ನಕ್ಕೆವು. ಪಾಸ್ ಹೋಲ್ಡರ್ ಬೆದರಿ ಹಾರಿಹೋಯಿತು.

ಹತ್ತು ಗಂಟೆಯಾಯಿತು. ನಾಳೆ ಸಂಜೆಗೆ ದೋಣಿ ವಾಪಸ್ಸು ಕೊಡಬೇಕು. ಹೊರಡುವುದು ಹೇಗೆ ಎಂದು ಇಬ್ಬರೂ ಕೀಲಿಯನ್ನು ನೋಡುತ್ತಾ ಕೂತೆವು. ನೀನು ಹಿಡಿ ಎಂದೆ. ಇವಳು ಬೇಡ ಬೇಡ ಎನ್ನುತ್ತಲೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಹತ್ತೊಂಬತ್ತು ವರ್ಷ ಹಿಂದೆ ನಿಂತು ನನ್ನ ಬೆನ್ನು ನೋಡಿದ್ದಾಳೆ, ಯಾವಾಗ ಏನು ಮಾಡಬೇಕೆಂದು ಇವಳಿಗೆ ಗೊತ್ತಿಲ್ಲವೇ? ಸೀಟಿನಲ್ಲಿ ಕೂತು, ಕನ್ನಡಿಯಿಲ್ಲದ ಜಾಗದಲ್ಲಿ ಕನ್ನಡಿ ಸರಿಮಾಡಿಕೊಂಡಳು. ನಾನು ಹಗ್ಗ ಬಿಚ್ಚಿ, ಮುಂದೆ ಬಂದು ನಿಂತೆ. ಎಂಜಿನ್ ಚಾಲೂ ಆಯಿತು. ದೋಣಿ ಹೊರಡಲಿಲ್ಲ. ಏನಾಯಿತು ಎಂದು ಹಿಂತಿರುಗಿ ನೋಡಿದರೆ ಸುಮ್ಮನೆ ಕಾಯುತ್ತಿದ್ದಾಳೆ. ಗಂಟೆಯ ದಾರ ನನ್ನ ತಲೆಯ ಮೇಲೆ ತೂಗುತ್ತಿತ್ತು. ಓಹೋ ಎಂದುಕೊಂಡು ಎರಡು ಬೆಲ್ ಹೊಡೆದೆ.

ಅಬ್ಬಬ್ಬಾ, ಎಂಥಾ ಸ್ಪೀಡು! ಇಷ್ಟು ವರ್ಷ ನನಗೆ ಮೆಲ್ಲಗೆ ಮೆಲ್ಲಗೆ ಎಂದು ಹೇಳಿದ ಬಾಯಿ ಇದೇನಾ? ನನ್ನ ಟೋಪಿ ಹಾರಿ ಕೊಲ್ಲಿಗೆ ಬಿತ್ತು. ನಾನು ಹೋಲ್ಡಾನ್ ಎಂದೆ, ಕೇಳಿಸುವುದಿಲ್ಲ ಎಂದು ಕೂಗಿದಳು.

ಮಾರ್ಚ್ 12, ಬುಧವಾರ

ಮನೆಯ ದಕ್ಕೆಯಲ್ಲಿ ಭಾವಮೈದುನ ಕಾಯುತ್ತಿದ್ದ. ಅಕ್ಕ ಸ್ಟೀರಿಂಗ್ ಹಿಡಿದದ್ದನ್ನು ಕಂಡು ಕೈಯಲ್ಲಿದ್ದ ಕಡಲೆಕಾಯಿ ಬಾಯಿಗೆ ಹೋಗುವುದನ್ನು ಮರೆಯಿತು. ನಾನು ಮುಂದೆ ನಿಂತು ಹಗ್ಗ ಹಿಡಿದು, ಬಾ ಬಾ ಬಾ, ಬಲಕ್ಕೆ ಜಾಗ ಇದೆ, ಇನ್ನೂ ಬಾ ಎಂದು ಹೇಳಿದೆ. ನನ್ನ ಲೆಕ್ಕ ಸರಿಯಾಗಿಯೇ ಇತ್ತು. ಇವಳೇ ಕಾಲಿನಲ್ಲಿ ಬ್ರೇಕ್ ಹುಡುಕಿದಳು. ಬಲಗಡೆ ಪಕ್ಕ ದಕ್ಕೆಗೆ ಉಜ್ಜಿಕೊಂಡು ಆಚೆ ತುದಿಯವರೆಗೂ ಹೋಯಿತು.

ಭಾವಮೈದುನ ಇಳಿದು ನೋಡಿದ. ಎಡಗಡೆ ಅರ್ಧ ಬಣ್ಣ, ಅರ್ಧ ಗೀಚು. ಮೂತಿಗೆ ಜಜ್ಜು. ಬಲಗಡೆ ಮೂತಿಯಿಂದ ಬಾಲದವರೆಗೆ ಒಂದೇ ಗೆರೆ. ಇದೇನು ಭಾವ ಎಂದ. ಈಗ ಎರಡೂ ಕಡೆ ಸಮ ಆಯಿತಲ್ಲ ಎಂದೆ. ಬರುವ ಭಾನುವಾರ ಮೂವರೂ ಸೇರಿ ಬಣ್ಣ ಹೊಡೆಯುವುದೆಂದು ತೀರ್ಮಾನವಾಯಿತು. ಅಕ್ಕನ ಡ್ರೈವಿಂಗ್ ಬಗ್ಗೆ ಅವನು ಚಕಾರ ಎತ್ತಲಿಲ್ಲ, ಬುದ್ಧಿವಂತ.

ಅರ್ಜಿಯನ್ನು ಮಿನಿಯ ಚಾವಣಿಯ ಮೇಲೆ ಹಾಳೆ ಇಟ್ಟೇ ಬರೆದೆ. ಸೋತಿದ್ದು ಸೋತಿದ್ದೇ. ಮೂರು ಸಾಲು ಬರೆದ ಮೇಲೆ ಇವಳು ಹಾಳೆ ಕಿತ್ತುಕೊಂಡು ಅದರ ಎಡ ಅಂಚಿಗೆ ಕೆಂಪು ಪೆನ್ನಿನಲ್ಲಿ ಉದ್ದಕ್ಕೂ ಗೆರೆ ಎಳೆದಳು. ಪ್ರತಿ ಸಾಲಿಗೂ ಈ ಕೆಂಪು ಗೆರೆ ಸಿಗುವವರೆಗೂ ತಲೆ ತಿರುಗಿಸಿ, ಸಿಕ್ಕಿದ ಮೇಲೆ ಶುರುಮಾಡಿ ಎಂದಳು. ತಿರುಗಿಸಿದೆ, ಇನ್ನೂ ತಿರುಗಿಸಿದೆ, ಸಿಕ್ಕಿತು. ಇಷ್ಟು ದೊಡ್ಡ ಹಾಳೆ! ಈ ಡೈರಿಗೂ ಗೆರೆ ಎಳೆದುಕೊಟ್ಟಿದ್ದಾಳೆ. ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ಎಲ್ಲವೂ ನಡು ಹಾಳೆಯಿಂದ ಶುರುವಾಗಿವೆ, ಅರ್ಧ ಪುಸ್ತಕ ಖಾಲಿ. ಕಂಪನಿಯವರನ್ನು ಸುಮ್ಮನೆ ಬೈದೆ.

ಮಾರ್ಚ್ 17, ಸೋಮವಾರ

ಪರೀಕ್ಷೆಗೆ ಹೋದೆವು. ಅದೇ ಡಬ್ಬಿ, ಅದೇ ಹುಡುಗಿ. ಬೆಳಗಿನ ಜಾವವೇ ಎಚ್ಚರವಾಗಿತ್ತು. ಆರು ಹತ್ತಕ್ಕೆ ಗಡಿಯಾರ ನೋಡಿದೆ. ಇನ್ನು ಬಸ್ಸಿನ ಸ್ಟೀರಿಂಗ್ ನನ್ನ ಕೈಗೆ ಬರುವುದಿಲ್ಲ. ಕೊನೆಯ ದಿನ ನಾನೇ ಎಂಜಿನ್ ಆರಿಸಿ, ಕೀಲಿ ಕೊಟ್ಟು ಇಳಿಯುವುದೂ ಇಲ್ಲ. ಇದು ಬೇಗ ಮರೆಯುವಂಥದ್ದಲ್ಲ.

ಹುಡುಗಿ ಕೈಗೆ ಗುಂಡಿ ಕೊಟ್ಟಳು. ಒತ್ತುವ ಮೊದಲೇ ನಾನು ಹೇಳಿಬಿಟ್ಟೆ.

"ಎಡಗಡೆ ನನಗೆ ಕಾಣಲ್ಲಮ್ಮ. ಮಷೀನು ಚೆನ್ನಾಗಿದೆ."

ಅವಳು ನನ್ನ ಭುಜ ಮುಟ್ಟಿದಳು. ಆಮೇಲೆ ಕಂಡ ಚುಕ್ಕಿಗಳಿಗೆ ಒತ್ತಿದೆ. ಕಾಣದವು ಎಷ್ಟು ಎಂದು ಕೇಳಿದೆ. ಹೆಚ್ಚುಕಡಿಮೆ ಅರ್ಧ ಸರ್ ಎಂದಳು. ನಾನು ದೋಣಿಗೆ ಬಳಿದ ಬಣ್ಣದಷ್ಟೇ. ಅವತ್ತು ತಲೆ ಸುತ್ತಿದಾಗ ಮೆದುಳಿಗೆ ಬಿದ್ದ ಪೆಟ್ಟಂತೆ ಇದು. ತಲೆ ತಿರುಗಿಸಿ ನೋಡುವ ಅಭ್ಯಾಸ ಹೇಳಿಕೊಡುತ್ತಾರಂತೆ, ವಾರಕ್ಕೆ ಎರಡು ದಿನ ಹೋಗಬೇಕು. ನನ್ನ ಅರ್ಜಿಯನ್ನು ಡಾಕ್ಟರು ಓದಿ ಸಹಿ ಹಾಕಿದರು. ಡಿಪೋದಲ್ಲಿ ಹೊಸಬರಿಗೆ ಪಾಠ ಮಾಡುವ ಕೆಲಸ ಸಿಗಬಹುದು ಎಂದರು. ಮೊದಲ ಪಾಠ ಯಾವುದೆಂದು ನಾನು ಆಗಲೇ ಗಟ್ಟಿಮಾಡಿಕೊಂಡಿದ್ದೇನೆ: ಎಡಗಡೆ ಡ್ರೈವರನದೂ ಜವಾಬ್ದಾರಿ.

ಹೊರಗೆ ಬಂದೆವು. ಬಸ್ ಸ್ಟಾಪ್ ಎದುರು ಪಕ್ಕದಲ್ಲಿತ್ತು, ರಸ್ತೆ ದಾಟಬೇಕಿತ್ತು. ಲಾರಿ, ಬೈಕು, ಬಸ್ಸು, ಎಲ್ಲ ಭರ್ರೆಂದು ಹೋಗುತ್ತಿದ್ದವು. ಬಲಗಡೆಯಿಂದ ಬರುವುದೆಲ್ಲ ನನಗೆ ಕಾಣುತ್ತಿತ್ತು, ಅದು ಖಾಲಿಯಾಗುತ್ತಾ ಬಂತು. ಮೊದಲಾಗಿದ್ದರೆ ಹೆಜ್ಜೆ ಇಟ್ಟೇಬಿಡುತ್ತಿದ್ದೆ. ನಾನು ನಿಂತೆ.

ಇವಳು ಸುತ್ತಿ ಬಂದು ನನ್ನ ಎಡಕ್ಕೆ ನಿಂತು ತೋಳು ಹಿಡಿದಳು. ನಾನು ನೇರಕ್ಕೆ ನೋಡುತ್ತಾ ಕಾದೆ. ಮೊಣಕೈಯ ಹತ್ತಿರ ಎರಡು ಸಲ ಒತ್ತಿದಳು.

"ರೈಟ್," ಎಂದಳು.

ಹೊರಟೆ.